ಬಾಯಲ್ಲಿ ಎಳೆದದ್ದು

ನನ್ನ ಸಂಶೋಧನೆಯ ಬಗ್ಗೆ ನಮ್ಮಣ್ಣನಿಗೆ ಇದ್ದದ್ದು ಒಂದೇ ಅಭಿಪ್ರಾಯ: ತಿನ್ನುವ ಸೊಪ್ಪನ್ನು ಅರೆದು ಹಾಳು ಮಾಡಲಿಕ್ಕೆ ಸರ್ಕಾರ ನನಗೆ ರಜೆ ಕೊಡುತ್ತಿದೆ. ಅರಕಲಗೂಡಿನ ಕಡೆ ಇದ್ದ ತನ್ನ ತೆಂಗಿನ ತೋಟದಲ್ಲಿ ಕೆಲಸದವರನ್ನು ಸುತ್ತ ಕೂರಿಸಿಕೊಂಡು ಇದನ್ನೇ ಹೇಳಿ ನಗಿಸುತ್ತಿದ್ದ. ನಾನು ಎದುರಿಗಿದ್ದರೆ ಇನ್ನೂ ಜೋರಾಗಿ ಹೇಳುತ್ತಿದ್ದ. ವಯಸ್ಸು ಮೀರಿದರೂ ಮದುವೆಯಾಗದೆ, ಹಾಸನದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿಕೊಂಡು, ಬಿಡುವಾದಾಗ ಬೆಂಗಳೂರಿಗೆ ಸೊಪ್ಪು ಹೊತ್ತುಕೊಂಡು ಹೋಗುವ ತಂಗಿ ಸಿಕ್ಕಿದರೆ ಯಾವ ಅಣ್ಣ ತಾನೇ ಸುಮ್ಮನಿದ್ದಾನು? ನನಗೂ ಬಾಯಿ ಕಮ್ಮಿ ಇರಲಿಲ್ಲ. ಹೊಳೆನರಸೀಪುರದ ಮನೆಯಲ್ಲಿ ಚಿಕ್ಕಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಚುಚ್ಚಿಕೊಂಡೇ ಬೆಳೆದವರು.

ಹಾಗೆ ಆಡಿಕೊಳ್ಳುತ್ತಲೇ ನನಗೆಂದು ಬಾವಿಯ ಪಕ್ಕ ಒಂದು ಪಾತಿ ಪಾಲಕ್ ಹಾಕಿದ್ದ. ಪೇಟೆಯ ಸೊಪ್ಪು ನನ್ನ ಕೆಲಸಕ್ಕೆ ಆಗುತ್ತಿರಲಿಲ್ಲ. ಎಳೆಯದಾಗಿರಬೇಕು, ಬಿಸಿಲು ಮೂಡುವ ಮೊದಲೇ ಕೊಯ್ದಿರಬೇಕು, ಯಾವ ಔಷಧಿಯೂ ತಗುಲಿರಬಾರದು. ನಾನು ಬೆಂಗಳೂರಿಗೆ ಹೋಗುವ ದಿನ ಅಣ್ಣ ನಸುಕಿನಲ್ಲೇ ಸೊಪ್ಪು ಕೊಯ್ದು, ಒದ್ದೆ ಗೋಣಿಯಲ್ಲಿ ಸುತ್ತಿ, ಬೈಕಿನಲ್ಲಿ ಹಾಸನದ ಬಸ್ ಸ್ಟ್ಯಾಂಡಿಗೆ ತಂದುಕೊಡುತ್ತಿದ್ದ. ಅಲ್ಲಿ ನಿಂತು ಕಾಫಿ ಕುಡಿಯುತ್ತಾ, “ತಗಳಮ್ಮಿ, ನಿನ್ ಮಗೀಗೆ ಮೇವು” ಅನ್ನುತ್ತಿದ್ದ. ಮಗು ಎಂದರೆ ಬೆಂಗಳೂರಿನ ಆ ಯಂತ್ರ. ಅದರಲ್ಲಿ ನನಗೆ ಸಮಯ ಸಿಗುತ್ತಿದ್ದದ್ದೇ ಅಪರೂಪ, ಸಿಕ್ಕಿದ ದಿನ ಸೊಪ್ಪು ಕೈಕೊಟ್ಟರೆ ಇಡೀ ಪ್ರಯಾಣ ದಂಡ. ಅಣ್ಣನ ಸೊಪ್ಪು ಒಮ್ಮೆಯೂ ಕೈಕೊಡಲಿಲ್ಲ.

ಆ ಯಂತ್ರ ಏನು ಮಾಡುತ್ತದೆ ಎಂದು ಅವನಿಗೆ ಎಷ್ಟೋ ಸಲ ಹೇಳಿದ್ದೆ. ಎಲೆ ಬಿಸಿಲಿನಲ್ಲಿ ನೀರನ್ನು ಒಡೆಯುತ್ತದೆ. ಆಮ್ಲಜನಕವನ್ನು ಹೊರಗೆ ಬಿಡುತ್ತದೆ, ನೀರಿನಿಂದ ಕಿತ್ತ ಎಲೆಕ್ಟ್ರಾನುಗಳನ್ನು ತನ್ನೊಳಗೆ ಕೈಯಿಂದ ಕೈಗೆ ದಾಟಿಸುತ್ತದೆ. ಜೋಡಿಯಿಲ್ಲದೆ ಒಂಟಿಯಾಗಿರುವ ಎಲೆಕ್ಟ್ರಾನು ತಾನೇ ಒಂದು ಪುಟ್ಟ ಆಯಸ್ಕಾಂತ. ಅಂಥ ಎಲೆಕ್ಟ್ರಾನಿರುವ ದ್ರಾವಣವನ್ನು ಅರೆದ ಸೊಪ್ಪಿಗೆ ಬೆರೆಸಿ, ಸಣ್ಣ ಗಾಜಿನ ಕೊಳವೆಗೆ ತುಂಬಿ, ಆಳೆತ್ತರದ ಆಯಸ್ಕಾಂತಗಳ ನಡುವೆ ನಿಲ್ಲಿಸಿ ಮೈಕ್ರೋವೇವ್ ಹಾಯಿಸಿದರೆ, ಕಾಗದದ ಮೇಲೆ ಪೆನ್ನು ಒಂದು ಡೊಂಕು ಗೆರೆ ಎಳೆಯುತ್ತದೆ. ಸುತ್ತ ಆಮ್ಲಜನಕ ಇದ್ದರೆ ಗೆರೆ ಅಗಲವಾಗಿ ಮೊಂಡಾಗಿ ಬರುತ್ತದೆ. ಆಮ್ಲಜನಕ ತೀರುತ್ತಾ ಹೋದಂತೆ ಚೂಪಾಗಿ ಮೇಲೇಳುತ್ತದೆ. ಗೆರೆಯನ್ನು ನೋಡಿ ಒಳಗೆ ಆಮ್ಲಜನಕ ಎಷ್ಟಿದೆ, ಯಾರು ತಿನ್ನುತ್ತಿದ್ದಾರೆ ಎಂದು ಹೇಳಬಹುದು.

ಆಮ್ಲಜನಕವನ್ನು ತಿನ್ನಿಸಲಿಕ್ಕೆ ನಾನು ಒಂದು ರಾಸಾಯನಿಕ ಹಾಕುತ್ತಿದ್ದೆ, ಮೀಥೈಲ್ ವಯೊಲೊಜೆನ್ ಅಂತ. ಅದರ ಬುದ್ಧಿಯೇ ಬೇರೆ. ಎಲೆಕ್ಟ್ರಾನು ಸಾಗುವ ಸಾಲಿನ ಕೊನೆಯಲ್ಲಿ ಹೊಂಚು ಹಾಕಿ ನಿಂತು, ಬಂದದ್ದನ್ನು ಕಿತ್ತುಕೊಂಡು, ಆಮ್ಲಜನಕದ ಕೈಗೆ ಕೊಟ್ಟುಬಿಡುತ್ತದೆ. ಎಲೆಕ್ಟ್ರಾನು ಹೊತ್ತ ಆಮ್ಲಜನಕ ಒಳ್ಳೆಯದಲ್ಲ, ಸಿಕ್ಕಿದ್ದನ್ನೆಲ್ಲ ಸುಡುತ್ತದೆ. ಕೊಟ್ಟವನು ಮಾತ್ರ ಬರಿಗೈಯಾಗಿ ಮತ್ತೆ ಅಲ್ಲೇ ಬಂದು ನಿಲ್ಲುತ್ತಾನೆ. ಎಷ್ಟು ಸಲ ಕದ್ದರೂ ಸವೆಯುವುದಿಲ್ಲ. ದೀಪ ಹಾಕಿದ ಕೂಡಲೇ ನನ್ನ ಗೆರೆ ಸರಸರ ಮೇಲೆದ್ದ ದಿನ ನಮ್ಮ ಗೈಡು ಮೊದಲ ಬಾರಿಗೆ ನನ್ನ ಮುಖ ನೋಡಿ ನಕ್ಕಿದ್ದರು. ನನ್ನ ಪಿಎಚ್.ಡಿ. ನಿಂತದ್ದೇ ಆ ಕಳ್ಳನ ಮೇಲೆ.

ಅದೇ ಗೈಡು, ದ್ರಾವಣ ಅಳೆಯುವ ಗಾಜಿನ ಪಿಪೆಟ್ಟಿಗೆ ಹಾಕುವ ರಬ್ಬರ್ ಬಲ್ಬು ಕೇಳಿದ್ದಕ್ಕೆ ಎಲ್ಲರೆದುರು, “ಯಾಕಮ್ಮ, ಹಾಸನದಲ್ಲಿ ಬಾಯಿ ಕೊಟ್ಟು ಕಳಿಸಿಲ್ಲವಾ?” ಎಂದಿದ್ದರು. ಆಗ ಎಲ್ಲ ಲ್ಯಾಬುಗಳಲ್ಲೂ ಹಾಗೆಯೇ. ಪಿಪೆಟ್ಟಿನ ತುದಿಯನ್ನು ಬಾಯಲ್ಲಿಟ್ಟು ಎಳೆಯಬೇಕು, ದ್ರಾವಣ ಗುರುತಿನ ಮೇಲೆ ಬಂದ ಕೂಡಲೇ ತುದಿಗೆ ಬೆರಳು ಒತ್ತಬೇಕು. ಅವಮಾನ ನುಂಗಿಕೊಂಡು ಕಲಿತೆ. ಇದನ್ನು ಅಣ್ಣನಿಗೆ ಹೇಳಿದರೆ ಅವನು ಬೈಕಿನ ಮೇಲೆ ಕೂತೇ ಬಿದ್ದುಬಿದ್ದು ನಕ್ಕ. “ಇದ್ನಾ ಕಲಿಯಕ್ಕೆ ಬೆಂಗ್ಳೂರ್‌ಗೋಗಿದ್ದು? ನಾನ್ ದಿನಾ ಪಂಪಿಗೆ ಡೀಸೆಲ್ ಎಳೆಯಲ್ವಾ? ನಾಲಿಗೇಗ್ ತಗಲೋಕ್ ಮುಂಚೆ ಪೈಪ್ ಒತ್ಬುಡ್ಬೇಕು ಕಣಮ್ಮಿ, ಅಷ್ಟೇಯ” ಎಂದು ಎರಡು ಬೆರಳು ಒತ್ತಿ ತೋರಿಸಿದ. ಆ ವಿಷಯದಲ್ಲಿ ಅವನಿಗೆ ಭಾರಿ ಜಂಬ. ಬ್ಯಾರಲ್ಲಿನಿಂದ ಡೀಸೆಲ್ ಎಳೆಯುವಾಗ ಒಂದು ತೊಟ್ಟೂ ಬಾಯಿಗೆ ಬರುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಬೆಳಿಗ್ಗೆ ಅಣ್ಣ ಬಸ್ ಸ್ಟ್ಯಾಂಡಿಗೆ ಬಾಯಿಗೆ ಟವೆಲ್ ಸುತ್ತಿಕೊಂಡು ಬಂದ. ಗೋಣಿಯ ಗಂಟು ಕೊಟ್ಟ. ಕಾಫಿ ಬೇಡವೆಂದ. ಅವನು ಕಾಫಿ ಬೇಡ ಅಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

“ಬಾಯೆಲ್ಲಾ ಬೆಂದೋಗದೆ ಕಣೇ” ಎಂದ.

“ಸುಣ್ಣ ಜಾಸ್ತಿ ಹಾಕ್ಕಂಡು ಎಲೆ ಅಡಿಕೆ ಮೇದಿದ್ದೀಯ, ಅನುಭವಿಸು” ಎಂದೆ ನಾನು. ನಮ್ಮ ಪ್ರೀತಿಯೇ ಅಂಥದ್ದು.

ಸುಣ್ಣವಲ್ಲವಂತೆ. ಕಳೆ ಸುಡುವ ಔಷಧಿಯಂತೆ. ಆಸುಪಾಸಿನ ತೋಟದವರು ಸೇರಿ ಒಂದು ದೊಡ್ಡ ಕ್ಯಾನು ತಂದಿದ್ದರಂತೆ. ಎಲ್ಲರ ಬಾಟಲಿಗೂ ಹಂಚುವಾಗ, ಕ್ಯಾನು ಬಗ್ಗಿಸಿದರೆ ಚೆಲ್ಲುತ್ತದೆ ಅಂತ, ಡೀಸೆಲ್ ಎಳೆಯುವ ಪೈಪನ್ನೇ ಇಳಿಬಿಟ್ಟು ಇವನು ಬಾಯಲ್ಲಿ ಎಳೆದನಂತೆ. ಪಕ್ಕದ ತೋಟದವನು ಏನೋ ಕೇಳಿದ, ಇವನು ಆ ಕಡೆ ತಿರುಗಿದ. “ಒಂದ್ ಗುಟುಕು ಬಂದ್ಬುಡ್ತು. ಉಗುದ್ಬುಟ್ಟೆ. ವಸಿ ಒಳಕ್ಕೋಯ್ತೇನೋ. ಬಾಯಿ ಮುಕ್ಕಳಿಸಿ ಎಲೆ ಅಡಿಕೆ ಹಾಕ್ಕಂಡೆ.” ಆಮೇಲೆ ಸಂಜೆಯವರೆಗೂ ಕೆಲಸ ಮಾಡಿದ್ದಾನೆ. ನನ್ನ ಸೊಪ್ಪಿನ ಪಾತಿಗೆ ಮಾತ್ರ ಅದರ ಗಾಳಿಯೂ ಸೋಕಿಸಿಲ್ಲ, ಅಲ್ಲಿಯ ಕಳೆಯನ್ನು ಕೈಯಲ್ಲೇ ಕಿತ್ತಿದ್ದೇನೆ ಅಂತ ಸೇರಿಸಿದ.

ಬಾಯಿ ಬೆಂದಿದ್ದರೂ ಔಷಧಿಯನ್ನು ಹೊಗಳುವುದನ್ನು ಅವನು ಬಿಡಲಿಲ್ಲ. “ಅದೇನ್ ಔಷಧಿನೇ! ಬೆಳಿಗ್ಗೆ ಒಡುದ್ರೆ ಸಂಜೀಕ್ ಸುಟ್ಟು ಕರ‍್ರಗಾಗಿರ್ತದೆ. ಮೋಡ ಇದ್ರೆ ನಿಧಾನ. ಬಿಸ್ಲು ಕಾದಷ್ಟೂ ಜೋರು.”

ಬಿಸಿಲಿದ್ದರೆ ಜೋರು, ಮೋಡವಿದ್ದರೆ ನಿಧಾನ. ಆ ಡಬ್ಬದ ಮೇಲೆ ಯಾವ ಹೆಸರು ಬರೆದಿದ್ದರೇನು, ಬೆಳಕಿಗಾಗಿ ಕಾದು ಕೂತು ಅದೇ ದಿನ ಎಲೆಯನ್ನು ಸುಡುವವನು ಯಾರೆಂದು ನನಗಿಂತ ಚೆನ್ನಾಗಿ ಆ ಬಸ್ ಸ್ಟ್ಯಾಂಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲ್ಯಾಬಿನಲ್ಲಿ ಅವನ ಹೆಸರು ಮೀಥೈಲ್ ವಯೊಲೊಜೆನ್. ತೋಟದಲ್ಲಿ ಕಳೆ ಔಷಧಿ. ನಾನು ಚಿಟಿಕೆಯಷ್ಟನ್ನು ಬೇಕಾದಷ್ಟು ನೀರಿನಲ್ಲಿ ಕರಗಿಸಿ ಎಳೆಯುತ್ತಿದ್ದುದನ್ನು ಅಣ್ಣ ನೀರು ಬೆರೆಸುವ ಮೊದಲೇ, ಗಟ್ಟಿಯಾಗಿದ್ದಾಗಲೇ ಎಳೆದಿದ್ದ.

ಬೆಂಗಳೂರಿನ ಬಸ್ಸು ಹೊರಟುಹೋಯಿತು. ನಾನು ಅವನ ಬೈಕಿನ ಹಿಂದೆ ಕೂತು, ಸೊಪ್ಪಿನ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಆಸ್ಪತ್ರೆಗೆ ನಡೆ ಎಂದೆ. ಅವನು ದಾರಿಯುದ್ದಕ್ಕೂ ನನ್ನನ್ನು ಹೆದರುಪುಕ್ಕಲಿ ಎಂದು ಬೈದ.

ಡ್ಯೂಟಿಯಲ್ಲಿದ್ದ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ನಿದ್ದೆಗೆಟ್ಟ ಕಣ್ಣು. ಅಣ್ಣನ ನಾಲಿಗೆ ನೋಡಿದ. ಇದ್ದಿಲ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿದರು. ಅಣ್ಣ ಕಪ್ಪಗೆ ವಾಂತಿ ಮಾಡಿಕೊಂಡು, ಕಪ್ಪು ಹಲ್ಲು ತೋರಿಸಿ ನನ್ನನ್ನು ನೋಡಿ ನಕ್ಕ. ನಾನು ಡಾಕ್ಟರನ್ನು ಹೊರಗೆ ಕರೆದು, ಆಮ್ಲಜನಕ ಕೊಡಬೇಡಿ ಎಂದೆ. ಅವನು ಮುಖ ಗಂಟಿಕ್ಕಿದ. “ಗೊತ್ತು ಮೇಡಮ್. ನಾವೂ ಓದೇ ಬಂದಿದ್ದೀವಿ.” ಆಮೇಲೆ ಏನನ್ನಿಸಿತೋ, ಗೋಡೆ ನೋಡಿಕೊಂಡು ಹೇಳಿದ: “ಮೇಡಮ್, ಇದಕ್ಕೆ ಮದ್ದಿಲ್ಲ. ಈಗ ಚೆನ್ನಾಗಿರ್ತಾರೆ. ಊಟ ಮಾಡ್ತಾರೆ, ಮಾತಾಡ್ತಾರೆ. ಆಮೇಲೆ ಶ್ವಾಸಕೋಶ ಗಟ್ಟಿಯಾಗ್ತಾ ಹೋಗುತ್ತೆ. ಆಕ್ಸಿಜನ್ ಎಷ್ಟು ಕೊಟ್ಟರೆ ಅಷ್ಟು ಬೇಗ.”

ಅವನು ಹೇಳಿದಂತೆಯೇ ಆಯಿತು. ಇದಕ್ಕಿಂತ ಕ್ರೂರವಾದದ್ದನ್ನು ನಾನು ಬದುಕಿನಲ್ಲಿ ಕಂಡಿಲ್ಲ. ಅಣ್ಣ ಮಾರನೆಯ ದಿನದಿಂದ ಆರಾಮಾಗಿದ್ದ. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೊಸರನ್ನ ಉಣ್ಣುತ್ತಿದ್ದ, ಪಕ್ಕದ ಮಂಚದ ಉಬ್ಬಸದ ಮುದುಕನಿಗೆ ತೋಟದ ಕಥೆ ಹೇಳುತ್ತಿದ್ದ. ಹೊಳೆನರಸೀಪುರದಿಂದ ಅವ್ವ ಬಂದು ವಿಭೂತಿ ಹಚ್ಚಿ, ದೇವರು ದೊಡ್ಡವನು ಅಂದಳು. ಅತ್ತಿಗೆ ನನ್ನ ಮೇಲೆ ಹರಿಹಾಯ್ದಳು. “ಕಲ್ಲುಗುಂಡಿನಂಗವ್ರೆ. ಓದ್ಬುಟ್ಟಿದ್ದೀನಿ ಅಂತ ಸುಮ್ಕೆ ಎದರಿಸ್ಬ್ಯಾಡ ಕಣವ್ವ.” ನನಗೆ ಆ ಮೊಸರನ್ನದ ಮೇಲೆಯೇ ಸಿಟ್ಟು ಬರುತ್ತಿತ್ತು.

ಅತ್ತಿಗೆ ಮನೆಗೆ ಹೋಗಿದ್ದ ಒಂದು ಮಧ್ಯಾಹ್ನ ಅಣ್ಣ ನನ್ನನ್ನು ಹತ್ತಿರ ಕರೆದ. ಅವ್ವ ಮಂಚದ ಪಕ್ಕದಲ್ಲಿ ನೆಲದ ಮೇಲೆ ಸೆರಗು ಮುಖಕ್ಕೆ ಹಾಕಿಕೊಂಡು ಮಲಗಿದ್ದಳು.

“ಲೇ, ನಿಜ ಹೇಳು. ನಿನ್ ಮುಖ ನೋಡುದ್ರೆ ನಾನ್ ಆಗ್ಲೇ ಸತ್ತೋಗಿದ್ದೀನೇನೋ ಅನ್ಸ್ತದೆ.”

ಹೇಳಿದೆ. ನನಗೆ ಹೇಳಲಿಕ್ಕೆ ಬರುತ್ತಿದ್ದದ್ದು ಎಲೆಯ ಭಾಷೆಯೊಂದೇ. ನಿನ್ನ ಹೊಟ್ಟೆಗೆ ಹೋಗಿರುವವನು ಕಳ್ಳ, ಎಲೆಕ್ಟ್ರಾನು ಕದ್ದು ಆಮ್ಲಜನಕಕ್ಕೆ ಕೊಡುತ್ತಾನೆ, ಆ ಆಮ್ಲಜನಕ ನಿನ್ನ ಪುಪ್ಪುಸವನ್ನು ಸುಡುತ್ತದೆ ಎಂದೆ. ಅವನು ತೋಟದ ವ್ಯವಹಾರ ಕೇಳುವವನ ಹಾಗೆ ಕೇಳಿಸಿಕೊಂಡ.

“ಎಲೇನ ಕತ್ಲಲ್ಲಿ ಮಡಗುದ್ರೆ?”

“ಸುಡಲ್ಲ.”

“ಅಂಗಾರೆ ನನ್ನೂ ಕತ್ಲು ಕೋಣೇಲಿ ಮಲಗಿಸ್ಬುಡು.”

“ನಿನ್ನೊಳಗೆ ಬಿಸಿಲು ಬೇಕಿಲ್ಲ ಕಣಣ್ಣ. ಉಂಡ ಅನ್ನವೇ ಸಾಕು ಅದಕ್ಕೆ.”

“ಉಣ್ಣಲ್ಲ ಬುಡು.”

“ಉಸಿರಾಡೋದು ಬಿಡ್ತೀಯಾ?”

ಹಾಗೆ ಕೇಳಿಬಿಟ್ಟೆ. ನಮ್ಮ ಮಾತಿನ ವರಸೆಯೇ ಹಾಗೆ, ಒಬ್ಬರು ಕೊಟ್ಟರೆ ಇನ್ನೊಬ್ಬರು ಇನ್ನೂ ಹರಿತವಾದದ್ದು ಕೊಡಬೇಕು. ಅವನು ಮುದುಕನ ಮಂಚದ ಪಕ್ಕದಲ್ಲಿದ್ದ ಆಕ್ಸಿಜನ್ ಸಿಲಿಂಡರಿನ ಕಡೆ ನೋಡಿದ.

“ಆ ಗಾಳೀನ ನಂಗೆ ಯಾವಾಗ ಆಕ್ತಾರೆ?”

“ಇನ್ನೇನೂ ಮಾಡಕ್ಕಾಗಲ್ಲ ಅಂದಾಗ. ಕೊನೇಲಿ ಸಂಕಟ ಕಮ್ಮಿಯಾಗ್ಲಿ ಅಂತ.”

“ಅವತ್ತು ನೀನೇ ಆಕ್ಬೇಕು. ಬ್ಯಾರೇರು ಆಕುದ್ರೆ ವಾಸಿ ಮಾಡಕ್ಕೇನೋ ಅನ್ಕಂಡ್ಬುಡ್ತೀನಿ. ನೀನ್ ಆಕುದ್ರೆ ಗೊತ್ತಾಯ್ತದೆ. ಮುಗೀತು ಅಂತ. ಅಲ್ಲೀಗಂಟ ಯಾರ್ಗೂ ಆಕಕ್ಕೆ ಬುಡ್ಬ್ಯಾಡ, ಇರೋವಷ್ಟು ದಿನ ಇರ್ತೀನಿ.” ಆಮೇಲೆ ನೆಲದ ಕಡೆ ಕಣ್ಣು ಹಾಯಿಸಿ, “ಅವ್ವಂಗೆ ಯೋಳ್ಬ್ಯಾಡ” ಎಂದ.

ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗ ಅದರ ಭಾರ ನನಗೆ ತಿಳಿದಿರಲಿಲ್ಲ.

ಉಸಿರು ಬಿಗಿಯಲು ಶುರುವಾದ ಮೇಲೆ ಗೊತ್ತಾಯಿತು. ಮೊದಲು ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಮಾತಾಡಿದರೆ, ಆಮೇಲೆ ಸುಮ್ಮನೆ ಕೂತರೂ. ಕತ್ತಿನ ನರಗಳು ಎದ್ದು ನಿಂತವು, ತುಟಿ ನೇರಳೆಯಾಯಿತು. ಪಕ್ಕದಲ್ಲೇ ಮುದುಕ ಮೂತಿಗೆ ಮಾಸ್ಕು ಹಾಕಿಕೊಂಡು ಸುಖವಾಗಿ ಗೊರಕೆ ಹೊಡೆಯುತ್ತಿದ್ದ. ಅವನಿಗೆ ಗಾಳಿ ಉಂಟು, ನನ್ನ ಗಂಡನಿಗೆ ಯಾಕಿಲ್ಲ? ಅತ್ತಿಗೆಯ ಪ್ರಶ್ನೆ ಅದು, ನ್ಯಾಯವಾದದ್ದೇ. ಡಾಕ್ಟರು ಹೇಳಿದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹೇಳಿದರೆ ಮೈಯೆಲ್ಲ ಉರಿಯುವಂತೆ ನೋಡಿದಳು. ಉಸಿರುಗಟ್ಟುತ್ತಿರುವವನಿಗೆ ಗಾಳಿಯೇ ವಿಷ ಎಂದರೆ ಯಾರು ನಂಬುತ್ತಾರೆ? ನಾನಾದರೂ ಕಾಗದದ ಮೇಲೆ ಆ ಗೆರೆ ಏಳುವುದನ್ನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ.

ಚನ್ನರಾಯಪಟ್ಟಣದಿಂದ ಅತ್ತಿಗೆಯ ತಮ್ಮ ಬಂದ. ಅಂಗಿ ತೋಳು ಮಡಚಿ, ಡಾಕ್ಟರನ್ನು ಬಾಯಿಗೆ ಬಂದಂತೆ ಬೈದು, ಮೂಲೆಯಲ್ಲಿದ್ದ ಇನ್ನೊಂದು ಸಿಲಿಂಡರನ್ನು ತಾನೇ ಉರುಳಿಸಿಕೊಂಡು ಬಂದ. ನರ್ಸು ಕೂಗಿಕೊಂಡಳು. ಸಿಲಿಂಡರಿನ ತಿರುಪು ತೆರೆಯುವ ಸ್ಪ್ಯಾನರು ಕಿಟಕಿಯ ಮೇಲಿತ್ತು. ನಾನು ಅದನ್ನು ತೆಗೆದುಕೊಂಡು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಹೆಂಗಸಿನ ಮೇಲೆ ಕೈ ಮಾಡಲು ಅವನಿಗೆ ಧೈರ್ಯ ಸಾಲಲಿಲ್ಲ. ಅತ್ತಿಗೆಗೆ ಸಾಲಿತು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು, ಉಗುರಿನಿಂದ ಗೀರಿದಳು. “ಗಂಡ ಇಲ್ದೋಳ್ಗೆ ಗಂಡನ ಉಸುರಿನ ಬೆಲೆ ಏನೇ ಗೊತ್ತು? ಸ್ವಂತ ಅಣ್ಣನ್ನ ಕೊಲ್ತಾವ್ಳೆ ನೋಡ್ರೋ” ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದಳು. ಜನ ಸೇರಿದರು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಅಣ್ಣ ಮಂಚದ ಮೇಲೆ ಮುಂದಕ್ಕೆ ಬಾಗಿ ಕೂತು, ಎರಡೂ ಕೈ ಊರಿ ಉಸಿರನ್ನು ಎಳೆಯುತ್ತಿದ್ದ. ನನ್ನ ಪರವಾಗಿ ಒಂದು ಮಾತು ಆಡಲು ಅವನಲ್ಲಿ ಗಾಳಿ ಇರಲಿಲ್ಲ.

ಆಗ ಅವ್ವ ಎದ್ದು ಬಂದು ನನ್ನ ಕಾಲು ಹಿಡಿದುಕೊಂಡಳು. ಹೆತ್ತ ತಾಯಿ ಮಗಳ ಕಾಲು ಹಿಡಿಯುವುದನ್ನು ಊಹಿಸಿಕೊಳ್ಳಿ. ಅವಳ ಹಣೆ ನನ್ನ ಪಾದಕ್ಕೆ ತಗುಲುತ್ತಿತ್ತು. “ಕೊಟ್ಬುಡು ಕಣವ್ವ. ನನ್ ಕೈಲಿ ನೋಡಕ್ಕಾಗಕಿಲ್ಲ. ಕೊಟ್ಬುಡು” ಎಂದಳು. ನಾನು ಕೊಡಲಿಲ್ಲ. ಅವ್ವನಿಗೆ ಏನೂ ಗೊತ್ತಿಲ್ಲ, ಮಗ ಬದುಕಲಿ ಅಂತ ಕೇಳುತ್ತಿದ್ದಾಳೆ ಎಂದು ಹಲ್ಲು ಕಚ್ಚಿ ನಿಂತೆ. ಕಾಲನ್ನು ಹಿಂದಕ್ಕೆ ಎಳೆದುಕೊಂಡೆ. ಅವಳು ಮತ್ತೆ ಹಿಡಿಯಲಿಲ್ಲ.

ಮಾರನೆಯ ಬೆಳಿಗ್ಗೆ ಡಾಕ್ಟರು ಅಣ್ಣನ ಎದೆಗೆ ಸ್ಟೆತೊಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದ. ನನ್ನ ಕಡೆ ತಿರುಗಿ, “ಇನ್ನು ಕೊಡೋಣ ಮೇಡಮ್. ಇನ್ನು ಕೊಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ” ಎಂದ.

ನರ್ಸು ಮಾಸ್ಕು ತಂದಳು. ನಾನು ಅವಳ ಕೈಯಿಂದ ತೆಗೆದುಕೊಂಡೆ. ಅಣ್ಣ ತಲೆಯೆತ್ತಿ ನೋಡಿದ. ನರ್ಸಿನ ಮುಖ, ಆಮೇಲೆ ನನ್ನ ಮುಖ, ಆಮೇಲೆ ನನ್ನ ಕೈ. ಅವನಿಗೆ ಗೊತ್ತಾಯಿತು. ನಾನು ದಾರವನ್ನು ಕಿವಿಯ ಹಿಂದೆ ಸಿಕ್ಕಿಸುವಾಗ ಅವನು ಕೈ ಎತ್ತಿ, ಮಾಸ್ಕಿನ ಪೈಪನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದ. ನಾಲಿಗೆಗೆ ತಗಲುವ ಮೊದಲು ಒತ್ತಬೇಕು ಎಂದು ಬಸ್ ಸ್ಟ್ಯಾಂಡಿನಲ್ಲಿ ತೋರಿಸಿದ್ದನಲ್ಲ, ಹಾಗೆಯೇ. ಕಣ್ಣಲ್ಲಿ ಅದೇ ತುಂಟತನ. ಸಾಯುವಾಗಲೂ ನನ್ನನ್ನು ಆಡಿಕೊಳ್ಳದೆ ಬಿಡಲಿಲ್ಲ ಆ ಮನುಷ್ಯ. ಆಮೇಲೆ ಬೆರಳು ತಾನಾಗಿಯೇ ಸಡಿಲವಾಯಿತು.

ಅತ್ತಿಗೆ, “ಈಗ್ಲಾದ್ರೂ ಬುದ್ಧಿ ಬಂತಲ್ಲ” ಎಂದು ಕಣ್ಣೊರೆಸಿಕೊಂಡು ತಮ್ಮನಿಗೆ ಎಳನೀರು ತರಲು ಹೇಳಿದಳು. ಅವ್ವ ಮಗನ ಪಾದದ ಬಳಿ ಕೂತು, ಸೆರಗಿನಿಂದ ಅವನ ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಗಾಳಿ ಸಿಕ್ಕಿತು, ಇನ್ನು ಮಗ ಉಳಿದ ಎಂದು ಸಮಾಧಾನವಾಗಿರಬೇಕು ಅಂದುಕೊಂಡೆ. ಎಳನೀರು ಬರುವ ಹೊತ್ತಿಗೆ ಅಣ್ಣ ಹೋಗಿದ್ದ.

ಪಾಲಕ್ ಪಾತಿಯನ್ನು ಅತ್ತಿಗೆ ಅದೇ ವಾರ ಕೀಳಿಸಿದಳು. ನಾನು ಪೇಟೆಯ ಸೊಪ್ಪಿನಲ್ಲೇ ಉಳಿದ ಪ್ರಯೋಗ ಮುಗಿಸಿದೆ. ದೀಪ ಹಾಕಿದರೆ ಗೆರೆ ಹಿಂದಿನಂತೆಯೇ ಚೂಪಾಗಿ ಎದ್ದಿತು. ಅದಕ್ಕೇನು, ಅದು ಯಾರ ಅಣ್ಣನನ್ನೂ ಕಂಡಿದ್ದಲ್ಲ. ಗೈಡು ಭೇಷ್ ಎಂದರು. ಪದವಿ ಬಂತು, ಹೆಸರಿನ ಹಿಂದೆ ಡಾಕ್ಟರ್ ಸೇರಿಕೊಂಡಿತು. “ಯಾವ ಕರ್ಮಕ್ಕೆ ಡಾಕ್ಟ್ರು” ಎಂದು ಅತ್ತಿಗೆ ಇವತ್ತಿಗೂ ಮದುವೆ ಮುಂಜಿಗಳಲ್ಲಿ ಎಲ್ಲರೆದುರು ಕೇಳುತ್ತಾಳೆ. ಮುಂಚೆಯೇ ಗಾಳಿ ಕೊಟ್ಟಿದ್ದರೆ ನನ್ನ ಗಂಡ ಉಳಿಯುತ್ತಿದ್ದ ಎಂದು ಹೇಳುತ್ತಾಳೆ. ಮೊದಮೊದಲು ವಿವರಿಸಲು ಹೋಗಿ ಬಯ್ಯಿಸಿಕೊಂಡೆ. ಈಗ ಊಟ ಮುಗಿಸಿ ಎದ್ದು ಕೈ ತೊಳೆಯುತ್ತೇನೆ. ನಾನು ಮಾಡಿದ್ದು ಸರಿಯಾಗಿತ್ತು. ಸರಿ ಮಾಡಿದವರಿಗೆ ನೆಮ್ಮದಿ ಇರುತ್ತದೆ ಎಂದು ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇಷ್ಟು ವರ್ಷ ನನಗಿದ್ದ ಒಂದೇ ಸಮಾಧಾನವೆಂದರೆ, ಅಣ್ಣ ಕೇಳಿಕೊಂಡ ಹಾಗೆ ಅವ್ವನಿಗೆ ಏನೂ ಹೇಳಲಿಲ್ಲ ಎನ್ನುವುದು. ಅವಳು ನನ್ನನ್ನು ಬಯ್ಯಲೂ ಇಲ್ಲ, ಆ ಮಾತು ಎತ್ತಲೂ ಇಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ ಅವ್ವನಿಗೆ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಯಿತು. ಹೊಳೆನರಸೀಪುರದ ಆಸ್ಪತ್ರೆಗೆ ಸೇರಿಸಿದೆವು. ಅಂಥ ಅಪಾಯವೇನಿಲ್ಲ, ಸ್ವಲ್ಪ ಆಕ್ಸಿಜನ್ ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ ಎಂದರು ಅಲ್ಲಿಯವರು. ಇದು ಬೇರೆ ಕಾಯಿಲೆ, ಇಲ್ಲಿ ಆಮ್ಲಜನಕ ಔಷಧಿಯೇ. ನರ್ಸಿಗೆ ಬೇರೆ ಕೆಲಸವಿತ್ತು. ನಾನೇ ಮಾಸ್ಕು ಹಿಡಿದು ಅವ್ವನ ಮುಖದ ಹತ್ತಿರ ತಂದೆ.

ಅವ್ವ ನನ್ನ ಮಣಿಕಟ್ಟು ಹಿಡಿದು ತಡೆದಳು. ಅಷ್ಟು ಸೊರಗಿದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

“ನೀನ್ ಆಕ್ಬ್ಯಾಡ ಕಣವ್ವ” ಎಂದಳು. “ಬ್ಯಾರೇರು ಆಕ್ಲಿ. ನೀನ್ ಆಕುದ್ರೆ ಗೊತ್ತಾಯ್ತದೆ.”

ಆ ಮಧ್ಯಾಹ್ನ ಅವ್ವ ಸೆರಗಿನ ಕೆಳಗೆ ಎಚ್ಚರವಾಗಿಯೇ ಇದ್ದಳು. ಅಣ್ಣ ಆಡಿದ ಪ್ರತಿ ಮಾತೂ, ನಾನು ಕೊಟ್ಟ ಪ್ರತಿ ಉತ್ತರವೂ ಅವಳ ಕಿವಿಗೆ ಬಿದ್ದಿತ್ತು. ಆ ಗಾಳಿ ಹಾಕಿದರೆ ಮಗ ಹೋಗುತ್ತಾನೆಂದು ಗೊತ್ತಿದ್ದೇ ಅವಳು ವಾರ್ಡಿನ ಜನರ ಮುಂದೆ ನನ್ನ ಕಾಲು ಹಿಡಿದು, ಕೊಟ್ಬುಡು, ನನ್ನ ಕೈಲಿ ನೋಡಕ್ಕಾಗಕಿಲ್ಲ ಎಂದದ್ದು. ನಾನು ಕಾಲನ್ನು ಎಳೆದುಕೊಂಡಿದ್ದೆ.

ಮಾಸ್ಕನ್ನು ಮಂಚದ ಮೇಲೆ ಇಟ್ಟು, ನರ್ಸನ್ನು ಕರೆಯಲು ಹೊರಗೆ ಹೋದೆ.